ದೀಪ ಹಚ್ಚಿದ ಮೇಲೆ ಹೆಪ್ಪು

ಸೊಹಾರಿನಲ್ಲಿ ರಾತ್ರಿ ಎರಡು ಗಂಟೆ.
ಹೊರಗೆ ಜುಲೈ ಗಾಳಿ ಇನ್ನೂ ಕುದಿಯುತ್ತಿದೆ.
ಒಳಗೆ, ಎಂಟುನೂರ ತೊಂಬತ್ತು ಗ್ರಾಂ ಹೆಣ್ಣೊಂದು
ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ.
ಹೆಸರಿನ್ನೂ ಇಟ್ಟಿಲ್ಲ.
ಕಾಲಿನ ಪಟ್ಟಿಯ ಮೇಲೆ ಬರೆದಿದೆ: ಶಮ್ಸಾಳ ಮಗು.

ಮೂರು ತಾಸಿಗೊಮ್ಮೆ ಅದರ ಹೊಟ್ಟೆ ಅಳೆಯುತ್ತೇನೆ
ದರ್ಜಿಯ ಹಾಗೆ, ಕಾಗದದ ಟೇಪಿನಲ್ಲಿ.
ಹತ್ತೊಂಬತ್ತು.
ಹತ್ತೊಂಬತ್ತು.
ಹತ್ತೊಂಬತ್ತೂವರೆ.
ಆ ಅರ್ಧ ಸೆಂಟಿಮೀಟರಿನೊಳಗೆ ಎಷ್ಟು ಭಯ ಹಿಡಿಸುತ್ತದೆಂದು
ಅಂಗಿ ಹೊಲಿಯುವವರಿಗೆ ಗೊತ್ತಿರಲಿಕ್ಕಿಲ್ಲ.

ಮಾರ್ಚಿನಲ್ಲಿ ನಾಲ್ಕನೇ ಪೆಟ್ಟಿಗೆಯ ಗಂಡುಮಗು.
ಸಂಜೆ ಚೆನ್ನಾಗಿತ್ತು, ನನ್ನ ಬೆರಳು ಹಿಡಿದಿತ್ತು.
ರಾತ್ರಿ ನಳಿಕೆಯಲ್ಲಿ ಹಸಿರು ಬಂತು,
ಬೆಳಗಾಗುವಷ್ಟರಲ್ಲಿ ಹೊಟ್ಟೆ ಬದನೆಕಾಯಿಯಂತೆ ಮಿರುಗಿತು.
ತೆರೆದು ನೋಡಿದ ಸರ್ಜನ್ ಮತ್ತೆ ಹೊಲಿದರು, ಅಷ್ಟೇ.
ಮೀನು ಮಾರುವ ಅಪ್ಪ ಬಿಳಿ ಬಟ್ಟೆಯಲ್ಲಿ ಸುತ್ತಿ
ಒಂದೇ ಕೈಯಲ್ಲಿ ಎತ್ತಿಕೊಂಡು ಹೋದ.
ಇನ್ನೊಂದು ಕೈ ಏನು ಮಾಡಬೇಕೆಂದು ತಿಳಿಯದೆ
ಗಾಳಿಯಲ್ಲಿ ಹಾಗೇ ಇತ್ತು.
ಆಗ ನಮ್ಮಲ್ಲಿ ಈ ಪುಡಿ ಬಂದಿರಲಿಲ್ಲ.
ಬಂದಿದ್ದರೆ, ಎಂದು ಡಾಕ್ಟರ್ ವಫಾ ಅವರನ್ನು ಕೇಳಿದೆ.
ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.

ಈಗ ಬಂದಿದೆ. ಚಿಟಿಕೆಯಷ್ಟು ಪುಡಿ, ಒಳಗೆ ಕೋಟಿ ಜೀವ.
ಶಮ್ಸಾ ಕಾಗದ ಓದಿ ಸಹಿ ಹಾಕಲಿಲ್ಲ.
"ಮೂರು ಸಲ ಕೈ ತೊಳೆಸಿ ನನ್ನನ್ನು ಒಳಗೆ ಬಿಡುತ್ತೀರಿ.
ಈಗ ನೀವೇ ಕ್ರಿಮಿ ಕುಡಿಸುತ್ತೀರಾ?"
ಡಾಕ್ಟರ್ ಲೆಕ್ಕ ಹೇಳಿದರು, ನೂರರಲ್ಲಿ ಇಷ್ಟು, ಇಷ್ಟು.
ಅಪರೂಪಕ್ಕೆ ರಕ್ತಕ್ಕೇ ಇಳಿದು ಕೇಡಾಗುವುದನ್ನೂ
ಮುಚ್ಚಿಡದೆ ಹೇಳಿದರು.
ನೂರು ಮಕ್ಕಳು ಎಲ್ಲಿ? ಅವಳಿಗಿರುವುದು ಒಂದು.

ನನ್ನ ಅರಬ್ಬಿ ಚಿಕ್ಕದು:
ಉಸಿರು, ಹಾಲು, ನಾಳೆ, ಅಳಬೇಡ.
ಆದರೂ ಅಂಗೈ ಬಟ್ಟಲು ಮಾಡಿ, ಇನ್ನೊಂದು ಬೆರಳಿನಿಂದ
ಏನನ್ನೋ ಅದ್ದಿದಂತೆ ಮಾಡಿ ತೋರಿಸಿದೆ.
ಶಮ್ಸಾಳ ಅತ್ತೆ ಜಪಮಣಿ ನಿಲ್ಲಿಸಿದರು.
"ರೋಬ್!" ಎಂದರು.
ಹೌದಮ್ಮ, ಮೊಸರು.
ಬೆಚ್ಚಗಿನ ಹಾಲಿಗೆ ಒಳ್ಳೆಯದು ಮೊದಲು ಬಿದ್ದರೆ
ಕೆಟ್ಟದ್ದಕ್ಕೆ ಜಾಗ ಸಿಗುವುದು ಕಷ್ಟ.
ಮುದುಕಿ ಸೊಸೆಗೆ ಬಲೂಚಿಯಲ್ಲಿ ಏನೋ ಹೇಳಿ ನಕ್ಕರು.
ಅವರ ಓಣಿಯಲ್ಲೂ ಹೆಪ್ಪು ಪಕ್ಕದ ಮನೆಯಿಂದಲೇ ಬರುತ್ತಿತ್ತಂತೆ.

ಹುಮನಾಬಾದಿನಲ್ಲಿ ನಮ್ಮವ್ವ,
ಚರ್ಚಿಗೆ ತಪ್ಪದೆ ಹೋಗುವವಳು,
ಓಣಿಯ ಈ ಒಂದು ನೇಮ ಮಾತ್ರ ಬಿಟ್ಟಿರಲಿಲ್ಲ:
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು.
ಬಾಗಿಲಿಗೆ ಬಂದ ಬಟ್ಟಲು ಬರಿದೇ ಹೋಗುತ್ತಿತ್ತು.

ಅವ್ವಾ, ಇಲ್ಲಿ ದೀಪ ಆರುವುದೇ ಇಲ್ಲ.
ಹಗಲೂ ಹಚ್ಚಿರುತ್ತದೆ, ಇರುಳೂ ಹಚ್ಚಿರುತ್ತದೆ.
ಯಾವಾಗ ಕೊಡಲಿ ಹೇಳು?

ಪಕ್ಕದ ಕೋಣೆಯಲ್ಲಿ ಯಂತ್ರಕ್ಕೆ ಎದೆಯೊಡ್ಡಿ
ಶಮ್ಸಾ ಮೂರು ಮಿಲಿ ತಂದಿದ್ದಾಳೆ,
ಸೀಸೆಯನ್ನು ಎರಡೂ ಕೈಯಲ್ಲಿ ಹಿಡಿದು.
ಪುಡಿ ಕಲಸಿದೆ. ಸಿರಿಂಜಿಗೆ ಎಳೆದೆ.
ನಳಿಕೆಯ ತುದಿಯಲ್ಲಿ ಎತ್ತಿ ಹಿಡಿದು ಬಿಟ್ಟರೆ
ತನ್ನ ಭಾರಕ್ಕೆ ತಾನೇ ಇಳಿಯಿತು.
ನಾನು ಒತ್ತಲಿಲ್ಲ.

ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಿಸಿ ನೋಡಬಾರದು,
ಇದೂ ಅವ್ವನ ಮಾತೇ.
ಐದು ಗಂಟೆ.
ಗಾಜಿನ ಕಿಂಡಿಯಲ್ಲಿ ಕೈ ತೂರಿಸುತ್ತೇನೆ,
ಟೇಪು ಬೆನ್ನಿನಡಿ ಮೆಲ್ಲಗೆ ಸರಿಸುತ್ತೇನೆ.
ಅಂಕಿ ಓದುವ ಮೊದಲು
ಒಂದು ಕ್ಷಣ ಅದರ ಮುಖ ನೋಡುತ್ತೇನೆ.
ಆಕಳಿಸುತ್ತಿದೆ.